ಹುಟ್ಟಿಗೊಂದು, ಸಾವಿಗೆರಡು

ಆಮೆ ದ್ವೀಪ, ಅಂಡಮಾನ್
೧೨-೧೨-೧೯೫೮

ಯಮುನಳಿಗೆ ಪದ್ಮಯ್ಯ ಬರೆಯುವುದು.

ನಾನು ಮುಳುಗಿಲ್ಲ, ಒಣಗಿಯೇ ಇದ್ದೇನೆ. ಇದನ್ನು ಮೊದಲು ಅಪ್ಪನಿಗೆ ಓದಿ ಹೇಳು. ಹಡಗಿನಲ್ಲಿದ್ದ ನಾಲ್ಕು ದಿನವೂ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸಮುದ್ರಕ್ಕೆ ಕೊಟ್ಟೆ. ಆಮೇಲೆ ಪೋರ್ಟ್‌ಬ್ಲೇರಿನಿಂದ ಲಾಂಚಿನಲ್ಲಿ ಇನ್ನೊಂದು ದಿನ. ಈ ದ್ವೀಪದಲ್ಲಿ ನಾವು ಇರುವುದು ಐದೇ ಜನ. ದುಬಾರೆಗೆ ಆನೆ ನೋಡಲು ಬಂದಿದ್ದಾಗ ನನ್ನನ್ನು ಮೆಚ್ಚಿ, ಅರಣ್ಯ ಇಲಾಖೆಗೆ ಬರೆದು ಇಲ್ಲಿಗೆ ಕರೆಸಿಕೊಂಡ ಡಾಕ್ಟರ್ ರೇವಣ್ಣನವರು, ಒಬ್ಬ ಅಡುಗೆಯವ, ದೋಣಿ ನಡೆಸುವ ಮೊಯ್ದು ಕಾಕ, ನೀರಿಗೆ ಮುಳುಗುವ ಸೂಸೈ, ಮತ್ತೆ ನಿನ್ನ ಗಂಡ. ರೇವಣ್ಣನವರು ಔಷಧ ಕೊಡುವ ಡಾಕ್ಟರಲ್ಲ, ಪ್ರಾಣಿಗಳ ವಿಷಯ ಓದಿದ ಡಾಕ್ಟರು. ಈ ದ್ವೀಪದಲ್ಲೂ ಸುತ್ತಲಿನ ನೀರಿನಲ್ಲೂ ಏನೇನು ಜೀವವಿದೆ ಎಂದು ಬರೆದುಕೊಟ್ಟರೆ, ಮುಂದೆ ಇಲ್ಲಿ ಯಾರೂ ಒಂದು ಹಕ್ಕಿಯನ್ನೂ ಮುಟ್ಟದ ಹಾಗೆ ಸರಕಾರ ಕಾನೂನು ಮಾಡುತ್ತದಂತೆ.

ತಮಾಷೆ ನೋಡು. ಕೊಡಗಿನವನನ್ನು ಕೋವಿಯ ಸಮೇತ ಕರೆತಂದು, ಬೇಟೆಯೇ ಇಲ್ಲದ ಕಾಡಿಗೆ ಕಾವಲು ಹಾಕಿದ್ದಾರೆ. ಕೋವಿ ಇಲ್ಲಿ ಒಂದೇ ಕೆಲಸಕ್ಕೆ. ದಡದಲ್ಲಿ ಯಾರ ಜೀವಕ್ಕಾದರೂ ಅಪಾಯವಾದರೆ (ಮೊಸಳೆ ಇದೆ, ಹಾವಿದೆ) ಒಂದು ಗುಂಡು ಹಾರಿಸಬೇಕು. ಅದನ್ನು ಕೇಳಿದ ಕೂಡಲೇ ದೋಣಿ ಎಲ್ಲಿದ್ದರೂ ಹತ್ತಿರದ ದಾರಿ ಹಿಡಿದು ವಾಪಸು ಬರಬೇಕು. ಬೇರೆ ಯಾವ ಕಾರಣಕ್ಕೂ ಹಾರಿಸಬಾರದು ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದಾರೆ. ನಾನು ದಿನಾ ಅದಕ್ಕೆ ಎಣ್ಣೆ ಹಾಕಿ ಒರೆಸಿ ಇಡುತ್ತೇನೆ, ಅಷ್ಟೇ ನನ್ನ ಉದ್ಯೋಗ.

ಸೂಸೈ ತೂತ್ತುಕುಡಿ ಕಡೆಯವನು. ಎಸ್ಟೇಟಿನ ಕೂಲಿ ಲೈನುಗಳಲ್ಲಿ ನಾವು ಕಲಿತ ಹರುಕು ತಮಿಳು ಇಲ್ಲಿ ಉಪಯೋಗಕ್ಕೆ ಬಂತು. ಅವನು ಹಗ್ಗಕ್ಕೆ ಕಲ್ಲು ಕಟ್ಟಿ, ಮೂಗು ಹಿಡಿದು ಇಳಿದರೆ ನಾನು ಎಂಬತ್ತು ಎಣಿಸುವ ತನಕ ಮೇಲೆ ಬರುವುದಿಲ್ಲ. ತಂದ ಶಂಖವನ್ನು ಡಾಕ್ಟರು ಅಳೆದು ಬರೆದುಕೊಂಡ ಮೇಲೆ ಅದನ್ನು ಮತ್ತೆ ಅವನೇ ಮುಳುಗಿ ಇದ್ದ ಜಾಗದಲ್ಲೇ ಇಟ್ಟು ಬರಬೇಕು. ಕಾವೇರಿಯಲ್ಲಿ ಸೊಂಟಕ್ಕಿಂತ ಆಳಕ್ಕೆ ಇಳಿಯದ ನನ್ನನ್ನೂ ಅವನು ಬಿಡಲಿಲ್ಲ. ಕಣ್ಣಿಗೆ ಗಾಜು ಕಟ್ಟಿ, ಕೈ ಹಿಡಿದು, ತಲೆ ಮುಳುಗಿಸಿದ. ಯಮುನಾ, ಏನು ಹೇಳಲಿ, ನೀರಿನ ಕೆಳಗೆ ಇನ್ನೊಂದು ಕಾಡಿದೆ. ಹವಳದ ಪೊದೆಗಳು, ಅವುಗಳ ಸಂದಿನಲ್ಲಿ ಅರಿಶಿನ ಬಣ್ಣದ, ನೀಲಿ ಬಣ್ಣದ ಮೀನು. ನನ್ನನ್ನು ನೋಡಿ ಒಂದೂ ಓಡಲಿಲ್ಲ. ಉಸಿರು ಮರೆತು ನೀರು ಕುಡಿದೆ, ಸೂಸೈ ಜುಟ್ಟು ಹಿಡಿದು ಎತ್ತಿದ. ಆಮೆ ಮೊಟ್ಟೆ ಇಡುವುದನ್ನೂ ಒಂದು ಬೆಳಗಿನ ಜಾವ ನೋಡಿದೆ. ಅದರ ಕಣ್ಣಲ್ಲಿ ನೀರು ಸುರಿಯುತ್ತದೆ. ಅದು ಅಳುವುದಲ್ಲ, ಮೈಯ ಉಪ್ಪು ಹೊರಗೆ ಹಾಕುವುದು ಎಂದರು ಡಾಕ್ಟರು. ನನಗೆ ಮಾತ್ರ ನಿನ್ನ ನೆನಪಾಯಿತು.

ಮೊನ್ನೆ ಸೂಸೈಗೆ ನಮ್ಮ ಪದ್ಧತಿ ಹೇಳಿದೆ. ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು, ಕೇಳಿದ ಊರವರು ಇದ್ದ ಕೆಲಸ ಬಿಟ್ಟು ಬರಬೇಕು ಎಂದೆ. ಹೆಣ್ಣು ಹುಟ್ಟಿದರೆ ಎಷ್ಟು ಎಂದು ಕೇಳಿದ. ಹಾರಿಸುವುದಿಲ್ಲ ಎಂದೆ. ಅವನಿಗಿರುವುದು ಒಬ್ಬಳೇ ಮಗಳು. ಇದೆಂಥ ಪದ್ಧತಿಯಪ್ಪ ಎಂದು ನಕ್ಕುಬಿಟ್ಟ.

ಮೇ ತಿಂಗಳಿಗೆ ಇಲ್ಲಿಯ ಕೆಲಸ ಮುಗಿಯುತ್ತದೆ. ಈ ಸಲ ಎಲ್ಲ ನೆಟ್ಟಗಾಗುತ್ತದೆ, ನೀನು ಹೆದರಬೇಡ. ಭಾರ ಎತ್ತಬೇಡ. ಸೂಲಗಿತ್ತಿ ಬೊಳ್ಳಮ್ಮ ಹೇಳಿದ ಹಾಗೆ ಕೇಳು.

ನಿನ್ನ ಪದ್ಮಯ್ಯ


ಚೆಟ್ಟಳ್ಳಿ
೨೦-೧-೧೯೫೯

ಸಮುದ್ರದ ಮಧ್ಯೆ ಕೂತಿರುವ ಇವರಿಗೆ ಯಮುನ ಮಾಡುವ ನಮಸ್ಕಾರಗಳು.

ಗಂಡುಮಗು. ಶನಿವಾರ ಹದಿನೇಳನೇ ತಾರೀಖು ಬೆಳಿಗ್ಗೆ ಹತ್ತು ಗಂಟೆಗೆ. ಬದುಕಿದೆ. ಹಾಲು ಕುಡಿಯುತ್ತದೆ. ಅಳುವುದು ಕೇಳಿದರೆ ನಿಮ್ಮ ಮಗನೇ, ಸಂಶಯವಿಲ್ಲ.

ಮೊದಲಿನ ಎರಡನ್ನು ಮಣ್ಣಿಗೆ ಕೊಟ್ಟವಳು ನಾನು. ಇದು ಅತ್ತ ಮೇಲೂ ನಂಬಲಿಲ್ಲ. ಬೊಳ್ಳಮ್ಮ ಮಗುವನ್ನು ನನ್ನ ಮುಖದ ಹತ್ತಿರ ಹಿಡಿದು, ನೋಡು, ಇದು ಇಲ್ಲಿ ಇರಲಿಕ್ಕೇ ಬಂದದ್ದು ಎಂದಳು. ಮಾವ ಹಳೇ ಕೋವಿ ಹಿಡಿದು ಅಂಗಳಕ್ಕೆ ಇಳಿದು ಒಂದು ಗುಂಡು ಹಾರಿಸಿದರು. ಕೇಳಿ ಇದನ್ನು. ತೋಟದಲ್ಲಿ ಕಾಫಿ ಪಿಕ್ಕಿಂಗ್ ಮಾಡುತ್ತಿದ್ದ ಆಳುಗಳೆಲ್ಲ ಕೈ ನಿಲ್ಲಿಸಿ, ಎರಡನೆಯದು ಹಾರುತ್ತದೋ ಎಂದು ಕಿವಿಗೊಟ್ಟು ನಿಂತಿದ್ದರಂತೆ. ಎರಡು ಸಲ ನಮ್ಮ ಮನೆಯಲ್ಲಿ ಏನಾಯಿತೆಂದು ಅವರಿಗೆ ಗೊತ್ತಲ್ಲ. ಹಾರಲಿಲ್ಲ. ಕೆಂಚಿ ಕಾಫಿಹಣ್ಣಿನ ಬುಟ್ಟಿಯನ್ನು ಸೊಂಟದಲ್ಲಿ ಕಟ್ಟಿಕೊಂಡೇ ಓಡಿ ಬಂದಳು.

ಈಗ ನನ್ನದೊಂದು ಮಾತು. ನೀವೂ ಅಲ್ಲಿ ಒಂದು ಹಾರಿಸಬೇಕು. ಅಜ್ಜ ಹಾರಿಸಿದ್ದು ಅಜ್ಜನ ಲೆಕ್ಕಕ್ಕೆ, ಅಪ್ಪನದು ಬೇರೆ. ಡಾಕ್ಟರ ನಿಯಮ ಡಾಕ್ಟರ ಹತ್ತಿರ ಇರಲಿ. ಅವರೇನು ಒಂದು ಗುಂಡಿಗೆ ನಿಮ್ಮನ್ನು ನುಂಗಿಬಿಡುವರೇ? ಒಂಬತ್ತು ವರ್ಷ ಜನರ ಬಾಯಿಗೆ ಸಿಕ್ಕಿದ್ದೇನೆ. ನನ್ನ ಗಂಡ ಸಮುದ್ರದ ಆಚೆಗೂ ಕೇಳುವ ಹಾಗೆ ಹಾರಿಸಿದರು ಎಂದು ಒಂದು ದಿನ ನಾನೂ ತಲೆ ಎತ್ತಿ ಹೇಳಬೇಡವೇ? ಹಾರಿಸದೇ ಇದ್ದರೆ ನಿಮಗೆ ಸಂತೋಷವಾಗಲಿಲ್ಲ ಎಂದೇ ತಿಳಿಯುತ್ತೇನೆ. ಯಾರು ಯಾರು ಕೇಳಿದರು, ಏನೆಂದರು, ಎಲ್ಲ ಬರೆಯಿರಿ.

ಹೆಸರು ನೀವೇ ಹೇಳಿ ಕಳಿಸಬೇಕು ಎಂದು ಮಾವನ ಅಪ್ಪಣೆ. ಅದು ಬರುವ ತನಕ ಮಗು ಬರೀ ಮಗುವೇ.

ಯಮುನ


ಆಮೆ ದ್ವೀಪ
೨-೩-೧೯೫೯

ಯಮುನಳಿಗೆ,

ನಿನ್ನ ಕಾಗದ ಫೆಬ್ರವರಿ ಇಪ್ಪತ್ತೊಂದು ಶನಿವಾರದ ಲಾಂಚಿನಲ್ಲಿ ಬಂತು. ಓದಿ ತುಂಬಾ ಸಂತೋಷವಾಯಿತು. ನೀನೂ ಮಗುವೂ ಚೆನ್ನಾಗಿರುವುದು ದೇವರ ದಯೆ.

ಇಲ್ಲಿ ಕೆಲಸ ಹೆಚ್ಚು. ಬರೆಯಲು ಹೊತ್ತಿಲ್ಲ. ಕೋವಿಗೆ ಉಪ್ಪುಗಾಳಿಯಿಂದ ತುಕ್ಕು ಹಿಡಿದಿದೆ, ಕೆಲಸ ಮಾಡುವುದಿಲ್ಲ. ಆದ್ದರಿಂದ ನೀನು ಹೇಳಿದ್ದು ಆಗಲಿಲ್ಲ.

ಹೆಸರನ್ನು ನೀನೂ ಅಪ್ಪನೂ ಸೇರಿ ಇಡಿ. ನನ್ನನ್ನು ಕೇಳಬೇಡಿ.

ಪದ್ಮಯ್ಯ


ಚೆಟ್ಟಳ್ಳಿ
೩೦-೩-೧೯೫೯

ಇವರಿಗೆ,

ನಿಮ್ಮ ಕಾಗದ ಬಂತು. ಕಾಗದವೆಂದು ಹೇಗೆ ಕರೆಯಲಿ? ಪೋಸ್ಟ್‌ಮ್ಯಾನ್ ಚೆನ್ನಯ್ಯ ಸಿಹಿ ಕೊಡಿ ಎಂದು ನಿಂತಿದ್ದ. ಬೆಲ್ಲ ಕೊಟ್ಟು ಅವನ ಮುಂದೆಯೇ ಒಡೆದೆ. ಓದುತ್ತ ಹೋದ ಹಾಗೆ ನನ್ನ ಮುಖ ಏನಾಯಿತೋ, ಅವನು ಬೆಲ್ಲ ಬಾಯಿಗೂ ಹಾಕದೆ ಹೋದ.

ತುಕ್ಕಾ? ತಲೆಗೆ ಎಣ್ಣೆ ಇಲ್ಲದಿದ್ದರೂ ಕೋವಿಗೆ ಎಣ್ಣೆ ಬೇಕು ಎನ್ನುವವರು ನೀವು. ಮದುವೆಯ ದಿನ ಕೂಡ ಅದನ್ನು ಒರೆಸಿಟ್ಟು ಚಪ್ಪರಕ್ಕೆ ಬಂದವರು. ನನ್ನ ಹತ್ತಿರ ಸುಳ್ಳು ಹೇಳುವುದಾದರೆ ಸ್ವಲ್ಪ ಒಳ್ಳೆಯ ಸುಳ್ಳನ್ನಾದರೂ ಹೇಳಬಾರದಿತ್ತೇ?

ನನಗೆ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ. ಎರಡು ಹೋದದ್ದರಿಂದ ಇದೂ ಹೋಗಬಹುದು, ಮನಸ್ಸು ಹಚ್ಚುವುದು ಬೇಡ ಎಂದು ದೂರ ನಿಂತಿದ್ದೀರಿ. ಇಲ್ಲವಾದರೆ ಊರಿನ ಹೆಂಗಸರು ಹೇಳುವ ಹಾಗೆ ಆ ಕಡೆ ಯಾರೋ ಇದ್ದಾರೆ. ಎರಡರಲ್ಲಿ ಯಾವುದು, ಬರೆದುಬಿಡಿ. ನಾನು ಅಳುವವಳಲ್ಲ, ಅಳುವುದೆಲ್ಲ ಆಗಿ ಹೋಗಿದೆ.

ಮಾವ ಹೆಸರಿಡಲು ಒಪ್ಪುವುದಿಲ್ಲ. ಅಪ್ಪ ಬದುಕಿರುವಾಗ ಅಜ್ಜ ಹೆಸರಿಡುವುದು ಹೇಗೆ ಎನ್ನುತ್ತಾರೆ. ಹೂವಿನ ಮಳೆ ಬಿದ್ದು, ಕಾಫಿ ಅರಳಿ ತೋಟವೆಲ್ಲ ಬೆಳ್ಳಗಾಗಿದೆ. ಮಗುವನ್ನು ಎತ್ತಿಕೊಂಡು ತೋರಿಸಿದೆ. ಸೀನಿತು.

ಯಮುನ


ಆಮೆ ದ್ವೀಪ
೨೬-೪-೧೯೫೯

ಯಮುನಳಿಗೆ,

ಯಾರೂ ಇಲ್ಲ. ಆ ಮಾತು ಇನ್ನು ಬರೆಯಬೇಡ. ಮಗುವಿನ ಮೇಲೆ ಮನಸ್ಸಿಲ್ಲ ಎಂಬುದೂ ಅಲ್ಲ.

ಇಲ್ಲಿ ಒಂದು ಸಾವಾಗಿದೆ, ಅದಕ್ಕೇ ಮನಸ್ಸು ಸರಿಯಿಲ್ಲ. ಮುಂಚೆ ಬರೆಯಲಿಲ್ಲ, ಬಾಣಂತಿಗೆ ಅಂಥದ್ದು ಬರೆಯಬಾರದೆಂದು. ಮುಳುಗುವ ಸೂಸೈ ತೀರಿಕೊಂಡ. ಮೊಯ್ದು ನೀರು ಇಳಿದ ಹೊತ್ತಿನಲ್ಲಿ ದೋಣಿಯನ್ನು ಹವಳದ ದಿಬ್ಬದ ಮೇಲಿಂದ ತಂದ. ಅಲೆ ಎತ್ತಿ ಹಾಕಿ ದೋಣಿ ಮಗುಚಿತು. ವಿಚಾರಣೆಗೆ ಬಂದ ಅಧಿಕಾರಿ, ದೋಣಿಯವನ ಅಜಾಗ್ರತೆ ಎಂದು ಬರೆದುಕೊಂಡು ಹೋದರು. ಮೊಯ್ದುವನ್ನು ಕೆಲಸದಿಂದ ತೆಗೆದಿದ್ದಾರೆ. ಇದೆಲ್ಲ ನಡೆದದ್ದು ಫೆಬ್ರವರಿ ಇಪ್ಪತ್ತೊಂದರ ಮಧ್ಯಾಹ್ನ.

ಮೇ ತಿಂಗಳಲ್ಲಿ ಬರುವುದು ಆಗುವುದಿಲ್ಲ. ಇನ್ನೊಂದು ವರ್ಷ ಇಲ್ಲೇ ಇರುತ್ತೇನೆಂದು ಡಾಕ್ಟರಿಗೆ ಅರ್ಜಿ ಕೊಟ್ಟಿದ್ದೇನೆ. ಮಗುವಿಗೆ ಮನೆಯ ಕೋವಿಯನ್ನು ತೋರಿಸಬೇಡ. ಅಪ್ಪ ಆಟಕ್ಕೂ ಅದರ ಕೈಗೆ ಕೊಡಬಾರದು.

ಪದ್ಮಯ್ಯ


ಚೆಟ್ಟಳ್ಳಿ
೨೨-೫-೧೯೫೯

ಇವರಿಗೆ,

ನಿಮ್ಮ ಮೂರು ಕಾಗದಗಳನ್ನೂ ಅಕ್ಕಿ ಪೆಟ್ಟಿಗೆಯ ಮೇಲೆ ಸಾಲಾಗಿ ಇಟ್ಟು ಓದಿದೆ. ಮೊದಲನೆಯದರಲ್ಲಿ ಬರೆದಿದ್ದೀರಿ, ಒಂದು ಗುಂಡು ಕೇಳಿದರೆ ದೋಣಿ ಹತ್ತಿರದ ದಾರಿ ಹಿಡಿದು ಬರಬೇಕು ಎಂದು. ಎರಡನೆಯದರಲ್ಲಿ, ನನ್ನ ಕಾಗದ ಬಂದದ್ದು ಫೆಬ್ರವರಿ ಇಪ್ಪತ್ತೊಂದಕ್ಕೆ. ಮೂರನೆಯದರಲ್ಲಿ, ಸೂಸೈ ಹೋದದ್ದೂ ಇಪ್ಪತ್ತೊಂದಕ್ಕೆ.

ನಾನು ಎಂಟನೇ ಕ್ಲಾಸಿನ ತನಕ ಮಡಿಕೇರಿಯಲ್ಲಿ ಓದಿದವಳು. ಇಷ್ಟು ಕೂಡಿಸಲು ಅದೂ ಬೇಡ.

ಆ ದಿನ ನೀವು ಕೋವಿ ಹಾರಿಸಿದಿರಾ?

ಹೌದು ಅಥವಾ ಇಲ್ಲ, ಅಷ್ಟು ಬರೆದರೆ ಸಾಕು. ಇಲ್ಲವಾದರೆ ನಿಮ್ಮನ್ನು ಸಂಶಯ ಪಟ್ಟದ್ದಕ್ಕೆ ಕಾಲಿಗೆ ಬೀಳುತ್ತೇನೆ. ಹೌದಾದರೆ ಹಾರಿಸಿ ಎಂದು ಹಟ ಹಿಡಿದು ಬರೆದವಳು ನಾನು. ಅದು ನನಗೆ ಗೊತ್ತಿರಲಿ. ನೀವೊಬ್ಬರೇ ಅದನ್ನು ಇಟ್ಟುಕೊಳ್ಳಬೇಡಿ.

ಯಮುನ


ಪೋರ್ಟ್‌ಬ್ಲೇರ್
೧೫-೬-೧೯೫೯

ಯಮುನಾ,

ಹೌದು.

ಇಷ್ಟೇ ಸಾಕೆಂದು ನೀನು ಬರೆದೆ. ನನಗೆ ಸಾಕಾಗುವುದಿಲ್ಲ. ಮಳೆಗಾಲಕ್ಕೆ ದ್ವೀಪ ಬಿಟ್ಟು ಇಲ್ಲಿಗೆ ಬಂದಿದ್ದೇವೆ. ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ.

ಆ ದಿನ ಲಾಂಚು ಕಾಗದ ಕೊಟ್ಟು ಹೊರಟುಹೋಯಿತು. ಡಾಕ್ಟರೂ ಅಡುಗೆಯವನೂ ಆಮೆ ಮೊಟ್ಟೆಯ ಗುಳಿ ನೋಡಲು ದ್ವೀಪದ ಆ ಬದಿಗೆ ಹೋಗಿದ್ದರು. ಮೊಯ್ದುವೂ ಸೂಸೈಯೂ ದಿಬ್ಬದ ಹೊರಗೆ ದೋಣಿಯಲ್ಲಿದ್ದರು. ಬಿಡಾರದಲ್ಲಿ ನಾನೊಬ್ಬನೇ. ಗಂಡುಮಗು, ಬದುಕಿದೆ ಎಂದು ಓದಿದವನಿಗೆ ಮುಂದಿನ ಅಕ್ಷರ ಕಾಣಲಿಲ್ಲ, ಕಣ್ಣು ಒರೆಸಿಕೊಂಡು ಓದಿದೆ. ನೀನು ಬರೆದದ್ದರಿಂದ ಹಾರಿಸಿದೆ ಎಂದು ತಿಳಿಯಬೇಡ. ನೀನು ಬೇಡ ಎಂದು ಬರೆದಿದ್ದರೂ ಹಾರಿಸುತ್ತಿದ್ದೆ. ಅಷ್ಟು ಹೊತ್ತಿಗೆ ನನಗೆ ಅದು ದ್ವೀಪ ಎಂಬುದೇ ಮರೆತುಹೋಗಿತ್ತು. ನಮ್ಮ ಅಂಗಳ ಅದು, ಆಚೆ ಅಪ್ಪ ನಿಂತಿದ್ದಾನೆ, ಅಷ್ಟೇ ತಲೆಯಲ್ಲಿ. ಕೋವಿ ಮೇಲೆ ಮಾಡಿ ಹಾರಿಸಿದೆ. ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಅವು ಮತ್ತೆ ಕೂರುವ ಮೊದಲೇ ನೆನಪಾಯಿತು.

ಓಡಿ ನೀರಿಗೆ ಇಳಿದೆ, ಕೈ ಬೀಸಿದೆ, ಬೇಡ ಬೇಡ ಎಂದು ಕೂಗಿದೆ. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು. ನೀರು ಇಳಿದಿತ್ತು, ದಿಬ್ಬದ ಕಲ್ಲು ಅಲ್ಲಲ್ಲಿ ಕಾಣುತ್ತಿತ್ತು. ಸುತ್ತು ಬಳಸಿ ಬಂದರೆ ಅರ್ಧ ಗಂಟೆ, ದಿಬ್ಬದ ಮೇಲಿಂದ ಐದು ನಿಮಿಷ. ನಿಯಮ ಹತ್ತಿರದ ದಾರಿ ಎಂದು ಹೇಳುತ್ತದೆ. ಮೊಯ್ದು ಹತ್ತಿರದ ದಾರಿಯನ್ನೇ ಹಿಡಿದ. ನನ್ನ ಕಣ್ಣ ಮುಂದೆಯೇ ದೋಣಿ ಎದ್ದು ಬಿತ್ತು. ಮೊಯ್ದು ಈ ಕಡೆ ಬಿದ್ದ. ಸೂಸೈ ದೋಣಿಗೂ ಕಲ್ಲಿಗೂ ನಡುವೆ ಸಿಕ್ಕಿದ. ಎಂಬತ್ತು ಎಣಿಸುವ ತನಕ ಉಸಿರು ಕಟ್ಟುವವನು ಎಂದು ನಾನು ನೀರಲ್ಲಿ ನಿಂತು ಎಣಿಸಿದೆ, ಯಮುನಾ. ಇನ್ನೂರಕ್ಕೆ ನಿಲ್ಲಿಸಿದೆ. ಈಜು ಬಾರದ ನಾನು ಎದೆಯ ತನಕ ಹೋಗಿ ಅಲ್ಲೇ ನಿಂತೆ.

ಇಲ್ಲಿಯ ತನಕ ನಡೆದದ್ದು ಕೈತಪ್ಪು ಎನ್ನಬಹುದು. ಮುಂದಿನದನ್ನು ಬರೆಯುವುದೇ ಕಷ್ಟ.

ಮೊಯ್ದು ಅವನನ್ನು ಎಳೆದು ತಂದು ಮರಳಿನಲ್ಲಿ ಮಲಗಿಸಿ, ಯಾರಿಗೆ ಏನಾಯಿತು, ಗುಂಡು ಯಾಕೆ ಹಾರಿತು ಎಂದು ಕೇಳಿದ. ನಾನು, ಗುಂಡಾ, ಯಾವ ಗುಂಡು ಎಂದೆ. ಆ ಮಾತು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಬಂದ ಮೇಲೆ ಅದನ್ನೇ ಹಿಡಿದುಕೊಂಡೆ. ಅವನು ಡಾಕ್ಟರನ್ನು ಕರೆಯಲು ಓಡಿದ. ಅಷ್ಟರಲ್ಲಿ ಖಾಲಿ ತೋಟೆಯನ್ನು ಸಮುದ್ರಕ್ಕೆ ಎಸೆದು, ವಾಸನೆ ಹೋಗುವ ತನಕ ಕೋವಿಗೆ ಎಣ್ಣೆ ಹಾಕಿ ಒರೆಸಿದೆ. ಸೂಸೈ ಹತ್ತು ಮಾರು ದೂರದಲ್ಲಿ ಮಲಗಿದ್ದ. ತುಕ್ಕು ಎಂದು ನಿನಗೆ ಬರೆದೆನಲ್ಲ, ಆ ಕೋವಿ ಜನ್ಮದಲ್ಲಿ ಅಷ್ಟು ಚೊಕ್ಕಟವಾಗಿ ಇರಲಿಲ್ಲ.

ವಿಚಾರಣೆಯಲ್ಲಿ ನನ್ನನ್ನು ಯಾರೂ ಕೇಳಲಿಲ್ಲ ಎನ್ನಲಾರೆ. ಕೇಳಿದರು. ಹಾರಿಸಿಲ್ಲ ಎಂದೆ. ಆ ಬದಿಯಲ್ಲಿದ್ದವರಿಗೆ ಅಲೆಯ ಸದ್ದಿನಲ್ಲಿ ಏನೂ ಕೇಳಿರಲಿಲ್ಲ. ಡಾಕ್ಟರು ಕೋವಿಯ ನಳಿಗೆ ಮೂಸಿ ನೋಡಿ, ಪದ್ಮಯ್ಯ ಸುಳ್ಳು ಹೇಳುವವನಲ್ಲ ಎಂದರು. ಮೊಯ್ದು ನನ್ನ ಮುಖವನ್ನೇ ನೋಡಿದ. ಇಪ್ಪತ್ತು ವರ್ಷ ದೋಣಿ ನಡೆಸಿದವನು ಕಿವಿ ಕೆಟ್ಟವನೆಂದು ಬರೆಸಿಕೊಂಡು ಹೋದ. ಈಗ ಇಲ್ಲಿಯ ಜೆಟ್ಟಿಯಲ್ಲಿ ಮೂಟೆ ಹೊರುತ್ತಾನೆ. ಮೊನ್ನೆ ಎದುರಾದ. ಬೈಯಲಿಲ್ಲ. ಒಂದೇ ಮಾತು ಹೇಳಿ ಹೋದ. ಗುಂಡು ಕೇಳಿದಾಗ ಸೂಸೈ ನಕ್ಕು ಹೀಗೆ ಹೇಳಿದನಂತೆ: "ಕಾಕಾ, ಅವಸರ ಬೇಡ. ಅದು ಪದ್ಮಯ್ಯನಿಗೆ ಮಗ ಹುಟ್ಟಿದ್ದು." ಮೊಯ್ದು, ಅದಾದರೆ ಒಳ್ಳೆಯದು, ಅಲ್ಲದಿದ್ದರೆ ಒಂದು ಜೀವ ಹೋಗುತ್ತದೆ ಎಂದು ದೋಣಿ ತಿರುಗಿಸಿದ.

ಸೂಸೈಗೆ ಗೊತ್ತಿತ್ತು. ನನ್ನ ಮಗ ಹುಟ್ಟಿದ್ದು ಈ ಕಡಲಿನಲ್ಲಿ ಮೊದಲು ತಿಳಿದು ಸಂತೋಷಪಟ್ಟವನು ಅವನೊಬ್ಬನೇ.

ಈಗ ನೀನು ಹೇಳು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಸುಳ್ಳು ಸಾಕ್ಷಿ ಎಂದು ಜೈಲೂ ಆಗಬಹುದು. ಮಗುವಿಗೆ ಐದು ತಿಂಗಳು. ನೀನು ಸುಮ್ಮನಿರಿ ಎಂದರೆ ಸುಮ್ಮನಿರುತ್ತೇನೆ. ಇದನ್ನು ನಿನ್ನ ತಲೆಗೆ ಹಾಕುವುದೂ ಒಂದು ಹೇಡಿತನ ಎಂದು ಬಲ್ಲೆ.

ಪದ್ಮಯ್ಯ


ಚೆಟ್ಟಳ್ಳಿ
೮-೭-೧೯೫೯

ಇವರಿಗೆ,

ಕಾಗದ ಹೋದ ವಾರದ ಮಂಗಳವಾರ ಬಂತು. ಮಾವನಿಗೆ ಓದಿ ಹೇಳಿದೆ. ಒಂದು ಅಕ್ಷರವನ್ನೂ ಬಿಡಲಿಲ್ಲ, ಎಣ್ಣೆ ಹಾಕಿ ಒರೆಸಿದ್ದನ್ನೂ ಬಿಡಲಿಲ್ಲ. ಅವರು ಒಲೆಯ ಕೊಳ್ಳಿಯನ್ನು ಮುಂದಕ್ಕೆ ದೂಡಿದರು. ನಮ್ಮ ಮನೆಯಲ್ಲಿ ಹೀಗೆ ಯಾರೂ ಮಾಡಿರಲಿಲ್ಲ ಎಂದರು, ಅಷ್ಟೇ. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ನೀವು ಮಾಡಿದ್ದಕ್ಕೆ ಅರ್ಧ, ನಾನು ಬರೆದದ್ದಕ್ಕೆ ಅರ್ಧ. ನಾನು ಬರೆಯದಿದ್ದರೂ ಹಾರಿಸುತ್ತಿದ್ದೆ ಎಂದು ನನ್ನನ್ನು ಉಳಿಸಲು ನೋಡಬೇಡಿ. ಆ ಕಾಗದದಲ್ಲಿ ನನಗೆ ಬೇಕಾಗಿದ್ದದ್ದು ಮಗುವಿನ ಸಂತೋಷವಲ್ಲ, ಊರವರ ಮುಂದೆ ನನ್ನ ದೊಡ್ಡಸ್ತಿಕೆ. ಅದನ್ನು ನಾನು ಬಲ್ಲೆ.

ಮಾರನೇ ದಿನ ಬೆಳಿಗ್ಗೆ ಮಾವನಿಗೆ ಹೇಳಿದೆ, ಹುಟ್ಟಿನ ಗುಂಡು ಹಾರಿದೆ, ಸಾವಿನದು ಬಾಕಿ ಉಳಿದಿದೆ ಎಂದು. ಅವರು ನನ್ನನ್ನು ನೋಡಿ, "ಮೋರೆ ನೋಡದವಂಗೆ ಗುಂಡು ಹೊಡಿಯುದುಟ್ಟಾ?" ಎಂದರು. ನಿಮ್ಮ ಮಗ ಮೋರೆ ನೋಡದ ಮಗುವಿಗೇ ಹೊಡೆದದ್ದಲ್ಲವೇ ಎಂದೆ. ಅವರು ಎದ್ದು ಕೋವಿ ತಂದರು. ಅಂಗಳದಲ್ಲಿ ಎರಡು ಹಾರಿತು.

ಊರವರು ಬಂದರು. ಮಳೆಯಲ್ಲಿ ತಲೆಗೆ ಓಲೆಯ ಗೊರಬೆ ಹಾಕಿಕೊಂಡು, ನಾಟಿಯ ಕೆಸರಿನ ಕಾಲಿನಲ್ಲೇ ಬಂದರು. ಪಕ್ಕದ ತೋಟದ ಉತ್ತಯ್ಯ ಮೊದಲು ಬಂದು ಮಾವನನ್ನು ನೋಡಿ, ಇವರಿದ್ದಾರೆ, ಹಾಗಾದರೆ ಯಾರು ಎಂದು ತಡಬಡಿಸಿದರು. ಬೊಳ್ಳಮ್ಮ ನೇರ ಒಳಗೆ ನುಗ್ಗಿ ತೊಟ್ಟಿಲು ನೋಡಿ, ಮಗು ಉಸಿರಾಡುವುದು ಕಂಡು ನೆಲಕ್ಕೆ ಕೂತಳು. ಆಗ ನಾನು ಜಗಲಿಯಲ್ಲಿ ನಿಂತು ಹೇಳಿದೆ. ತೀರಿಹೋದವನು ಸೂಸೈ, ತೂತ್ತುಕುಡಿಯವನು, ನಮ್ಮ ಮಗು ಹುಟ್ಟಿದ ಗುಂಡಿನಿಂದ ಹೋದವನು ಎಂದೆ. ಹಾರಿಸಿದವರು ಯಾರು, ಹಾರಿಸಿ ಎಂದು ಬರೆದವಳು ಯಾರು, ಆಮೇಲೆ ಇಲ್ಲವೆಂದವರು ಯಾರು, ಎಲ್ಲ ಹೇಳಿದೆ.

ದೇರಪ್ಪ ಚಿಕ್ಕಪ್ಪ ಎದ್ದು ನಿಂತು, ಮನೆಯೊಳಗೆ ಹೂಳಬೇಕಾದದ್ದನ್ನು ಊರಿನ ಮುಂದೆ ಹರಡಿದೆ, ಗಂಡನ ಮಾನ ತೆಗೆದೆ ಎಂದು ನೀರು ಕುಡಿಯದೆ ಹೋದರು. ಅವರ ಹಿಂದೆ ಏಳೆಂಟು ಜನ ಹೋದರು. ಉಳಿದವರು ಸಾವಿನ ಮನೆಯಲ್ಲಿ ಕೂರುವ ಹಾಗೆ ಕೂತರು. ಅವನ ಮಗಳ ಹೆಸರೇನು ಎಂದು ಕೇಳಿದವಳು ಕೆಂಚಿ ಒಬ್ಬಳೇ. ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತೇ?

ನೀವು ಕೇಳಿದ್ದಕ್ಕೆ ಇದೇ ಉತ್ತರ. ಈಗ ಬಾಯಿ ಮುಚ್ಚಲು ನಿಮಗೆ ಜಾಗವಿಲ್ಲ, ಚೆಟ್ಟಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಡಾಕ್ಟರಿಗೆ ಹೇಳಿ, ಆ ಅಧಿಕಾರಿಗೆ ಹೇಳಿ, ಮೊಯ್ದು ಕಾಕನ ಕೆಲಸ ಅವನಿಗೆ ಕೊಡಿಸಿ. ಜೈಲಾದರೆ ನಾನು ಪಿಕ್ಕಿಂಗಿಗೆ ಹೋಗುತ್ತೇನೆ, ಕೆಂಚಿಯ ಜೊತೆಗೆ. ಸೂತಕದ ಮನೆಯಲ್ಲಿ ಹೆಸರಿಡುವುದಿಲ್ಲ. ನೀವು ಹೇಳಿ ಮುಗಿಸಿದ ದಿನ ನಮ್ಮ ಸೂತಕ ಮುಗಿಯುತ್ತದೆ. ಅದಕ್ಕೆ ಮೊದಲು ಮನೆಗೆ ಬರಬೇಡಿ.

ಮಗು ಮೊನ್ನೆ ಮಗುಚಿಕೊಂಡಿತು. ನಿಮಗೆ ಇದು ತಿಳಿಯಬೇಕು ಎಂದೇ ಬರೆದೆ.

ಯಮುನ


ತೂತ್ತುಕುಡಿ
೨೪-೮-೧೯೫೯

ಯಮುನಾ,

ಹೇಳಿದೆ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮುಗಿಯುವ ತನಕ ಕೇಳಿದರು. ಆಮೇಲೆ, "ಅವತ್ತೇ ಹೇಳಿದ್ದರೆ ತಪ್ಪು ಅಂತ ಬರೀತಿದ್ದೆ, ಪದ್ಮಯ್ಯ. ಈಗ ಸುಳ್ಳು ಅಂತ ಬರೀಬೇಕು" ಎಂದರು. ಬರೆದರು. ಅವರ ಕಣ್ಣು ಕೆಂಪಾಗಿತ್ತು. ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ಕೋವಿ ಅವರ ಹತ್ತಿರವೇ ಇದೆ. ಕೇಸು ಆಗುತ್ತದೋ ಇಲ್ಲವೋ ಆಮೇಲೆ ತಿಳಿಸುತ್ತಾರಂತೆ, ಊರಿನ ವಿಳಾಸ ಕೊಟ್ಟು ಬಂದಿದ್ದೇನೆ. ಮೊಯ್ದುವಿಗೆ ದೋಣಿ ವಾಪಸು ಸಿಕ್ಕಿತು. ನಾನು ಹೊರಡುವ ದಿನ ಅವನು ಜೆಟ್ಟಿಗೆ ಬಂದು ನನ್ನ ಟ್ರಂಕಿನ ಒಂದು ಬದಿ ಹಿಡಿದು ಹಡಗಿಗೆ ಏರಿಸಿದ.

ಮದರಾಸಿನಲ್ಲಿ ಇಳಿದು ಊರಿನ ಕಡೆ ಬರದೆ ಇಲ್ಲಿಗೆ ಬಂದೆ. ಸೂ​ಸೈಯ ಮನೆ ಕಡಲಿನ ದಂಡೆಯಲ್ಲೇ ಇದೆ, ತೆಂಗಿನ ಗರಿಯ ಮನೆ. ಹೆಂಡತಿ ಬಾಗಿಲಲ್ಲಿ ಮೀನು ಒಣಗಲು ಹಾಕುತ್ತಿದ್ದಳು. ಯಾರೆಂದು ಹೇಳಿದೆ. ಏನು ಮಾಡಿದೆನೆಂದು ಹೇಳಿದೆ. ನನ್ನ ಹರುಕು ತಮಿಳಿನಲ್ಲಿ ಅದನ್ನು ಮೆತ್ತಗೆ ಹೇಳಲು ಬರುವುದಿಲ್ಲ, ಇದ್ದದ್ದು ಇದ್ದ ಹಾಗೆ ಬಂತು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಬಿಸಿಲಿನಲ್ಲಿ ನಿಂತೆ. ಎಷ್ಟೋ ಹೊತ್ತಿನ ಮೇಲೆ ಬಾಗಿಲ ಹಿಂದಿನಿಂದಲೇ ಕೇಳಿದಳು, ಮಗು ಹೇಗಿದೆ ಎಂದು. ನಾನು ಇನ್ನೂ ನೋಡಿಲ್ಲ ಎಂದೆ. ಬಾಗಿಲು ತೆರೆಯಲಿಲ್ಲ. ಅದು ತೆರೆಯಬೇಕೆಂದು ನಾನು ಆಸೆಪಟ್ಟದ್ದೇ ತಪ್ಪು.

ಹೊರಡುವಾಗ ಹೆಣ್ಣುಮಗು ಒಂದು ದೋಣಿಯ ನೆರಳಿನಲ್ಲಿ ಕೂತು ಕಣ್ಣಿಗೆ ಗಾಜು ಕಟ್ಟಿಕೊಂಡು ಬಿಚ್ಚಿಕೊಂಡು ಆಡುತ್ತಿತ್ತು. ಅದು ಅವನದೇ ಗಾಜು. ಅದರಲ್ಲೇ ಅವನು ನನಗೆ ಕಡಲು ತೋರಿಸಿದ್ದು. ಹೆಸರು ಕೇಳಿದೆ. ಜಸಿಂತ ಎಂದಳು. ಏಳು ವರ್ಷ ಇರಬಹುದು. ಕೆಂಚಿಗೆ ಹೇಳು.

ಇವಳು ಹುಟ್ಟಿದಾಗ ಇಲ್ಲಿ ಏನು ಮಾಡಿದಿರಿ ಎಂದು ಅವನನ್ನು ನಾನು ಒಂದು ದಿನವೂ ಕೇಳಿರಲಿಲ್ಲ.

ಬರುವ ಸೋಮವಾರ ಮಡಿಕೇರಿಗೆ ತಲುಪುತ್ತೇನೆ. ಅಲ್ಲಿಂದ ಚೆಟ್ಟಳ್ಳಿಗೆ ನಡೆದೇ ಬರುತ್ತೇನೆ, ಬಸ್ಸಿನಲ್ಲಿ ಗುರುತಿನವರ ಪಕ್ಕ ಕೂರುವ ಧೈರ್ಯ ಇನ್ನೂ ಇಲ್ಲ. ನನ್ನದೊಂದು ಕೇಳಿಕೆ ಇದೆ. ಎರಡು ಗುಂಡು ಕೇಳಿ ಅಂದು ಬಂದವರನ್ನೆಲ್ಲ ಅಪ್ಪ ಮತ್ತೆ ಕರೆಯಲಿ. ಎದ್ದು ಹೋದ ದೇರಪ್ಪ ಚಿಕ್ಕಪ್ಪನನ್ನೂ ಕರೆಯಲಿ, ಬರದಿದ್ದರೆ ನಾನೇ ಅವರ ಮನೆಗೆ ಹೋಗುತ್ತೇನೆ. ಅಂದು ನೀನು ಜಗಲಿಯಲ್ಲಿ ನಿಂತು ಹೇಳಿದ್ದು ನಾನು ಹೇಳಬೇಕಾಗಿದ್ದದ್ದು. ಅಂಗಳದಲ್ಲಿ ನಿಂತು ನನ್ನ ಬಾಯಿಂದ ಒಮ್ಮೆ ಹೇಳುತ್ತೇನೆ. ಆ ಹೊತ್ತಿನಲ್ಲಿ ನೀನು ಮಗುವನ್ನು ಎತ್ತಿಕೊಂಡು ಜಗಲಿಯಲ್ಲೇ ಇರು. ನಾನು ಗೊತ್ತಿಲ್ಲದೆ ಅದರ ಕಡೆ ಕೈ ಚಾಚಿದರೂ ಕೊಡಬೇಡ.

ಎಲ್ಲ ಹೇಳಿ ಮುಗಿಸಿದ ಮೇಲೆ ಕೊಡು.

ಪದ್ಮಯ್ಯ